ಮುತ್ಯಾನ ದೊಡ್ಡಿ

ನಿಮ್ಮೂರು ಯಾವುದು ಎಂದು ಕೇಳಿದರೆ ನಾನು ಇಂದಿಗೂ ಒಂದು ಗಳಿಗೆ ತಡವರಿಸುತ್ತೇನೆ. ಕಾಗದಪತ್ರಗಳಲ್ಲಿ ಕಕ್ಕೇರಾ ಎಂದಿದೆ. ಆದರೆ ನಾನು ಹುಟ್ಟಿದ್ದು ಕಕ್ಕೇರಾದ ಅಗಸಿಯ ಒಳಗಲ್ಲ. ತಿಂಥಣಿಯ ಕಡೆಗೆ ಹೋಗುವ ಮಡ್ಡಿಯ ಮೇಲಿನ ಒಂದು ದೊಡ್ಡಿಯಲ್ಲಿ, 1961ರಲ್ಲಿ. ಸುರಪುರ ಸೀಮೆಯವರಿಗೆ ದೊಡ್ಡಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳಲೇಬೇಕು. ಅವರ ಕಡೆ ದೊಡ್ಡಿ ಎಂದರೆ ಬಿಡಾಡಿ ದನಗಳನ್ನು ಕೂಡಿಹಾಕುವ ಸರ್ಕಾರದ ಜಾಗ. ನಾವು ಅದಕ್ಕೆ ಕೊಂಡವಾಡ ಅನ್ನುತ್ತೇವೆ. ನಮ್ಮಲ್ಲಿ ದೊಡ್ಡಿ ಎಂದರೆ ಊರು ಬಿಟ್ಟು ಹೊಲದಲ್ಲೇ ಒಂದು ಮನೆತನ ದನ ಕಟ್ಟಿಕೊಂಡು ನೆಲೆ ನಿಂತ ಜಾಗ. ಮೊದಲು ದನಕ್ಕೆ ಬೇಲಿ ಬೀಳುತ್ತದೆ, ಆಮೇಲೆ ಬೇಲಿಯ ಪಕ್ಕದಲ್ಲಿ ಮನುಷ್ಯರಿಗೆ ಗುಡಿಸಲು ಏಳುತ್ತದೆ. ಅಣ್ಣತಮ್ಮಂದಿರು ಬೇರೆಯಾದ ಹಾಗೆ ಗುಡಿಸಲುಗಳು ನಾಲ್ಕಾಗುತ್ತವೆ, ಎಂಟಾಗುತ್ತವೆ. ದೊಡ್ಡಿಗೆ ಆ ಮನೆತನದ ಹೆಸರೇ ನಿಲ್ಲುತ್ತದೆ. ಕಕ್ಕೇರಾದ ಸುತ್ತ ಇಂಥ ದೊಡ್ಡಿಗಳು ಇವತ್ತಿಗೂ ತುಂಬ ಇವೆ.

ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳಿದ್ದೇನೆ. ಅಶೋಕ, ಪುಲಕೇಶಿ, ಕೃಷ್ಣದೇವರಾಯ ಎಲ್ಲ ಹೇಳಿದೆ. ನಮ್ಮ ದೊಡ್ಡಿಯಂಥ ನೂರಾರು ದೊಡ್ಡಿಗಳ ಬಗ್ಗೆ ಒಂದು ಸಾಲು ಹೇಳಲಿಲ್ಲ, ಏಕೆಂದರೆ ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಆ ಕೊರತೆ ನನ್ನನ್ನು ಕಾಡತೊಡಗಿತು. ತಮ್ಮನ ಟ್ರಂಕಿನಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಪಹಣಿಯಲ್ಲಿ ಎಕರೆ ಇದೆ, ಗುಂಟೆ ಇದೆ, ಮಣ್ಣಿನ ಬಗೆ ಇದೆ, ಬೆಳೆಯ ಹೆಸರೂ ಇದೆ. ಮೂರು ತಲೆಮಾರು ನಮ್ಮನ್ನು ಸಾಕಿದ ದನಗಳ ಸುದ್ದಿ ಮಾತ್ರ ಎಲ್ಲಿಯೂ ಇಲ್ಲ.

ಮುತ್ಯಾ, ಅಂದರೆ ನಮ್ಮ ಅಜ್ಜ, ಹೇಳುತ್ತಿದ್ದ ಪ್ರಕಾರ ಅವನ ಅಪ್ಪ ವಾಗಣಗೇರಾ ಕಡೆಯಿಂದ ಏಳು ಆಕಳು, ಒಂದು ಹೋರಿ ಹೊಡಕೊಂಡು ಬಂದ. ಯಾವ ವರ್ಷ ಎಂಬುದು ಮುತ್ಯಾನಿಗೆ ಗೊತ್ತಿರಲಿಲ್ಲ. ನಿಜಾಮರ ರಾಜ್ಯ ಎಂಬುದು ಗೊತ್ತಿತ್ತು. ವಾಗಣಗೇರಾ ಎಂದರೆ ಸುರಪುರದ ನಾಯಕರ ಹಳೆಯ ಕೋಟೆ. 1705ರಲ್ಲಿ ಮುದಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ ಕೋಟೆ ಅದು, ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ. ಪಿಡ್ಡನಾಯಕನ ಬೇಡರು ತಿಂಗಳುಗಟ್ಟಲೆ ತಡೆದು, ಕೊನೆಗೆ ರಾತ್ರೋರಾತ್ರಿ ಕೋಟೆ ಬಿಟ್ಟು ಪಾರಾದರು. ಕೃಷ್ಣೆ, ಭೀಮೆಯರ ನಡುವಿನ ಈ ಸಗರನಾಡು ಯಾವ ಕಾಲಕ್ಕೂ ಗಡಿನಾಡೇ. ಬಿಜಾಪುರದ ಆದಿಲಶಾಹಿ ಒಂದು ಕಡೆ, ಗೋಲ್ಕೊಂಡ ಇನ್ನೊಂದು ಕಡೆ. ಆಮೇಲೆ ಮೊಗಲರು, ಮರಾಠರು, ನಿಜಾಮರು, ಕಂಪನಿ ಸರ್ಕಾರ. ಇಂಥ ನಾಡಿನಲ್ಲಿ ನೆಟ್ಟ ಬೆಳೆಗಿಂತ ನಡೆಯುವ ಆಸ್ತಿಗೆ ಹೆಚ್ಚು ಭದ್ರತೆ. ದಂಡು ಬಂದರೆ ಬೆಳೆ ಸುಟ್ಟುಹೋಗುತ್ತದೆ, ದನ ಹೊಡಕೊಂಡು ಗುಡ್ಡ ಸೇರಬಹುದು. ಹಾಗೆಂದೇ ದನವನ್ನು ಕಸಿಯುವವರೂ ಇದ್ದರು. ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ತುರುಗೋಳು ಎಂಬ ಮಾತು ಗೊತ್ತು: ಹಸುಗಳನ್ನು ಹೊಡೆದುಕೊಂಡು ಹೋಗುವವರ ಬೆನ್ನಟ್ಟಿ ಸತ್ತವರಿಗೆ ಊರು ನಿಲ್ಲಿಸಿದ ಕಲ್ಲುಗಳವು.

1841ರಿಂದ 1853ರವರೆಗೆ ಸುರಪುರದಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನನ್ನು ನಮ್ಮವರು ಇನ್ನೂ ನೆನೆಯುತ್ತಾರೆ. ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ, ಬಾಲಕ ದೊರೆ ವೆಂಕಟಪ್ಪನಾಯಕನನ್ನು ಮಗನಂತೆ ನೋಡಿಕೊಂಡ. ಆ ಹುಡುಗನೇ ದೊರೆಯಾಗಿ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ. 1860ರಲ್ಲಿ ಸೀಮೆ ನಿಜಾಮನ ಪಾಲಾಯಿತು. ದೊರೆಗಳ ಕತೆ ಹೀಗೆ ಇಸವಿ ಸಮೇತ ಸಿಗುತ್ತದೆ. ಏಳು ಆಕಳ ಕತೆಗೆ ಇಸವಿ ಇಲ್ಲ.

ಟೇಲರ ಸುರಪುರ ಬಿಟ್ಟ ಆ 1853ರಲ್ಲೇ, ಅಮೆರಿಕದ ಟೆಕ್ಸಾಸ್‌ನ ಗಡಿಸೀಮೆಯಲ್ಲಿ ರಿಚರ್ಡ್ ಕಿಂಗ್ ಎಂಬಾತ ದನ ಸಾಕಲು ಭೂಮಿ ಕೊಂಡ. ಕಿಂಗ್ ರಾಂಚ್ ಎಂದು ಅದು ಲೋಕಪ್ರಸಿದ್ಧ. ಎಂಟು ಲಕ್ಷ ಎಕರೆಗೂ ಮಿಕ್ಕ ಆ ಜಾಗ ಇಂದಿಗೂ ಅದೇ ಮನೆತನದ ಕೈಯಲ್ಲಿದೆ. ಅದರ ಮೇಲೆ ಪುಸ್ತಕಗಳಿವೆ, ಅದಕ್ಕೊಂದು ವಸ್ತುಸಂಗ್ರಹಾಲಯವಿದೆ. ಅವರ ದನ ಮಾಂಸಕ್ಕಾಗಿ ರೈಲು ಹತ್ತಿ ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ನಮ್ಮ ದೊಡ್ಡಿ ಬದುಕಿದ ರೀತಿಯೇ ಬೇರೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ದೊಡ್ಡಿಯಲ್ಲಿ ದನ ಸಾಕಿದ್ದು ಹಾಲಿಗಾಗಿ ಎಂದು ಇಂದಿನ ಮಕ್ಕಳು ತಿಳಿಯುತ್ತಾರೆ. ನಮ್ಮ ಜವಾರಿ ಆಕಳು ಹೊತ್ತಿಗೆ ಒಂದು ಸೇರು ಹಾಲು ಕೊಟ್ಟರೆ ಹೆಚ್ಚು. ಅದರಲ್ಲೂ ಅರ್ಧ ಕರುವಿನ ಪಾಲು. ಹಾಲು ಮಾರಿದರೆ ಕೆಚ್ಚಲು ಬತ್ತುತ್ತದೆ ಎಂದು ಆಯಿ ನಂಬಿದ್ದಳು. ಮಜ್ಜಿಗೆ ಕೇಳಿದವರಿಗೆ ಕೊಡುವುದು, ಬೆಣ್ಣೆ ಕಾಸಿ ತುಪ್ಪವನ್ನು ಮಾತ್ರ ಸುರಪುರದ ಬಜಾರಿಗೆ ಒಯ್ಯುವುದು. ದೊಡ್ಡಿಯ ನಿಜವಾದ ಬೆಳೆ ಎರಡೇ: ಹೋರಿ ಮತ್ತು ಹೆಂಡಿ.

ಮೊದಲು ಹೋರಿಯ ಮಾತು. ನಮ್ಮ ಸೀಮೆಯ ಎರೆಹೊಲ ಮಳೆ ಬಿದ್ದರೆ ಬೆಣ್ಣೆ, ಒಣಗಿದರೆ ಕಲ್ಲು. ಕರಿಕೆ ಹಬ್ಬಿದ ಎರೆಯನ್ನು ದೊಡ್ಡ ನೇಗಿಲಿನಲ್ಲಿ ಒಡೆಯಬೇಕಾದರೆ ಒಂದರ ಹಿಂದೆ ಒಂದು ನಾಲ್ಕು ಜೋಡಿ, ಆರು ಜೋಡಿ ಎತ್ತು ಹೂಡಬೇಕಾಗುತ್ತಿತ್ತು. ಕೃಷ್ಣೆಯ ಮೇಲ್ದಂಡೆಯಲ್ಲಿ ಸಾಂಗ್ಲಿ, ಮಿರಜದ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಿರ್, ಕಾಂಕ್ರೇಜ್, ಒಂಗೋಲ್ ಹೋರಿಗಳನ್ನು ತರಿಸಿ ನಾಡದನದೊಂದಿಗೆ ಕೂಡಿಸಿ ಕೃಷ್ಣಾ ತಳಿ ಎಂಬ ಭಾರಿ ಎತ್ತನ್ನು ಬೆಳೆಸಿದ್ದು ಈ ಎರೆಮಣ್ಣಿನ ಸಲುವಾಗಿಯೇ. ಇವತ್ತು ಆ ತಳಿ ಹುಡುಕಿದರೂ ಸಿಗುವುದು ಕಷ್ಟ. ನಮ್ಮವು ಅಷ್ಟು ದೊಡ್ಡವಲ್ಲ. ಆದರೆ ಮಡ್ಡಿಯ ಕಲ್ಲಿನ ಮೇಲೆ ಓಡಾಡಿ ಗೊರಸು ಗಟ್ಟಿಯಾದ ಹೋರಿ ಎಂದು ನದಿಯಾಚೆಯ ರಾಯಚೂರು ಸೀಮೆಯ ಒಕ್ಕಲಿಗರು ಬಂದು ಒಯ್ಯುತ್ತಿದ್ದರು. ಕರುವಾಗಿ ಹುಟ್ಟಿ, ಎರಡು ಹಲ್ಲು ಹಚ್ಚಿ, ನಾಲ್ಕು ಹಲ್ಲು ಬರುವಷ್ಟರಲ್ಲಿ ಮುತ್ಯಾ ಅದಕ್ಕೆ ಮೂಗುದಾಣ ಹಾಕಿ, ಹಳೆಯ ಎತ್ತಿನ ಜೊತೆ ಹೂಡಿ ಪಳಗಿಸಿರುತ್ತಿದ್ದ.

ಮಾರುವ ದಿನದ ನೋಟ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬೇವಿನ ಗಿಡದ ಕೆಳಗೆ ಮುತ್ಯಾ, ಕೊಳ್ಳುವವ, ನಡುವೆ ದಲ್ಲಾಳಿ. ದಲ್ಲಾಳಿ ತನ್ನ ರುಮಾಲು ಬಿಚ್ಚಿ ಮುತ್ಯಾನ ಕೈಯ ಮೇಲೆ ಹಾಕುತ್ತಿದ್ದ. ರುಮಾಲಿನ ಕೆಳಗೆ ಬೆರಳು ಬೆರಳನ್ನು ಹಿಡಿದು ಬೆಲೆ ಆಡುತ್ತಿತ್ತು. ಬಾಯಿಂದ ಒಂದು ಮಾತಿಲ್ಲ. ಮುತ್ಯಾನ ಮುಖ ನೋಡಿಯೇ ನಾವು ತಿಳಿಯಬೇಕು: ಹುಬ್ಬು ಗಂಟಿಕ್ಕಿದರೆ ಆಗಲಿಲ್ಲ, ಕಣ್ಣು ಹೋರಿಯ ಕಡೆ ಹೊರಳಿ ಒದ್ದೆಯಾದರೆ ವ್ಯಾಪಾರ ಕುದುರಿತು. ಹೋರಿ ಹೊರಡುವಾಗ ಆಯಿ ಅದರ ಹಣೆಗೆ ಕುಂಕುಮ ಹಚ್ಚಿ, ಹಳೆಯ ಕಣ್ಣಿಯನ್ನು ಬಿಚ್ಚಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ದನ ಕೊಟ್ಟರೂ ಕಣ್ಣಿ ಕೊಡಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ.

ಇನ್ನು ಹೆಂಡಿ. ಒಂದು ದನ ದಿನಕ್ಕೆ ಹತ್ತು ಕಿಲೋದಷ್ಟಾದರೂ ಹೆಂಡಿ ಹಾಕುತ್ತದೆ. ನನ್ನ ಬಾಲ್ಯದಲ್ಲಿ ದೊಡ್ಡಿಯಲ್ಲಿ ನಲವತ್ತರ ಮೇಲೆ ದನ ಇದ್ದವು. ಅಂದರೆ ಬೆಳಗಾದರೆ ನಾಲ್ಕು ಕ್ವಿಂಟಲ್. ಬೆಳ್ಳಿ ಮೂಡುವ ಹೊತ್ತಿಗೆ ಅವ್ವ ನನ್ನನ್ನೂ ಅಕ್ಕನನ್ನೂ ಎಬ್ಬಿಸುತ್ತಿದ್ದಳು. ಚಳಿಗಾಲದಲ್ಲಿ ಹೆಂಡಿಗೆ ಕೈ ಹಾಕಿದರೆ ಬೆಚ್ಚಗೆ ಹಿತವಾಗುತ್ತಿತ್ತು. ಬರಿಗಾಲನ್ನು ಅದರಲ್ಲಿ ಹುಗಿದು ನಿಂತದ್ದೂ ಉಂಟು. ಚೊಕ್ಕ ಹೆಂಡಿ ನೆಲ ಸಾರಿಸಲು ಮತ್ತು ಕುಳ್ಳು ತಟ್ಟಲು. ಗಂಜಲ ಕುಡಿದ, ಕಣಿಕಿಯ ಚೂರು ಬೆರೆತ ಹೆಂಡಿ ತಿಪ್ಪೆಗೆ. ತಿಪ್ಪೆ ಎಂದರೆ ನಮಗೆ ಬ್ಯಾಂಕು. ಬೇಸಗೆಯಲ್ಲಿ ಊರಿನ ಒಕ್ಕಲಿಗರು ಬಂಡಿ ಕಟ್ಟಿಕೊಂಡು ಬಂದು, ಬಂಡಿಗಿಷ್ಟು ಜೋಳ ಎಂದು ಅಳೆದು ಕೊಟ್ಟು ಗೊಬ್ಬರ ಹೇರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕುರಿಯವರ ಹಾಗೆ ನಾವೂ ಇನ್ನೊಬ್ಬರ ಹೊಲದಲ್ಲಿ ದನ ತರುಬುತ್ತಿದ್ದೆವು. ದನಕ್ಕೆ ಕೂಳೆ, ಹೊಲಕ್ಕೆ ಹೆಂಡಿ, ನಮಗೆ ಜೋಳ. ಈ ಲೆಕ್ಕದಲ್ಲಿ ದುಡ್ಡು ಕಾಣುತ್ತಲೇ ಇರಲಿಲ್ಲ. ಆದ್ದರಿಂದಲೇ ಕಾಗದದಲ್ಲೂ ಕಾಣಲಿಲ್ಲ ಎಂದು ನನಗೆ ಈಗ ಹೊಳೆಯುತ್ತದೆ.

ಸಂಜೆ ದನ ತಿರುಗಿ ಬಂದಾಗ ಮುತ್ಯಾ ಬಾಗಿಲಲ್ಲಿ ನಿಲ್ಲುತ್ತಿದ್ದ. ಎಣಿಸುತ್ತಿರಲಿಲ್ಲ, ಅವನಿಗೆ ಇಪ್ಪತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ. ಕೆಂದಿ, ಕೌಲಿ, ಗಿಡ್ಡಿ, ಬೆಳ್ಳಿ, ಮುರುಕೋಡಿ ಎಂದು ಒಂದೊಂದನ್ನೇ ಹೆಸರು ಹಿಡಿದು ಒಳಗೆ ಬಿಡುತ್ತಿದ್ದ. ಎಲ್ಲ ಒಳಗಾದ ಮೇಲೆ ಕರಿಜಾಲಿಯ ಮುಳ್ಳುಕಂಟಿ ಎಳೆದು ಬಾಗಿಲು ಮುಚ್ಚುತ್ತಿದ್ದ. ರಾತ್ರಿ ತೋಳ ಬರುತ್ತಿತ್ತು, ಹಳ್ಳದ ಕಡೆಯಿಂದ ಕಿರುಬ ಬರುತ್ತಿತ್ತು. ಒಂದು ರಾತ್ರಿ ಕೌಲಿಯ ಹೆಸರು ಕೂಗಿದಾಗ ಅದು ಬರಲಿಲ್ಲ. ಮುತ್ಯಾ, ಅಪ್ಪ, ಕಾಕಾ ಮೂವರೂ ದೀವಟಿಗೆ ಹಿಡಿದು ಹೋದರು. ಬೆಳಕು ಹರಿಯುವ ಹೊತ್ತಿಗೆ ಕೌಲಿ ಮುಂದೆ, ಹೆಗಲ ಮೇಲೆ ಅದರ ಕರ ಹೊತ್ತ ಮುತ್ಯಾ ಹಿಂದೆ. ಹಳ್ಳದ ಪೊದೆಯಲ್ಲಿ ಈದಿತ್ತು. ಅವತ್ತು ಗಿಣ್ಣ ಕಾಯಿಸಿ ಸುತ್ತಲಿನ ಎಲ್ಲ ದೊಡ್ಡಿಗಳಿಗೂ ಕಳಿಸಿದೆವು.

ಸುತ್ತಲಿನ ದೊಡ್ಡಿಗಳಲ್ಲಿ ಕುರುಬರಿದ್ದರು, ಬೇಡರಿದ್ದರು. ಹಳ್ಳದಾಚೆ ಲಂಬಾಣಿಗರ ತಾಂಡಾ ಇತ್ತು. ತಾಂಡಾದವರ ಹಿರಿಯರು ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡು ಸುತ್ತಿದವರು. ಮೊಗಲರ ದಂಡಿಗೆ ದವಸ ಮುಟ್ಟಿಸಿದವರು. 1871ರಲ್ಲಿ ಮುಂಬಯಿ ಕಡೆಯ ರೈಲು ಯಾದಗಿರಿ ಹಾದು ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿಕೊಂಡಿತು. ಹೇರೆತ್ತಿನ ಕಾಲ ಮುಗಿಯಿತು, ಅಲೆದಾಡುವವರು ನೆಲೆ ನಿಂತರು. ಅವರ ದನ, ನಮ್ಮ ದನ ಒಂದೇ ಗಾಯರಾಣದಲ್ಲಿ ಮೇಯುತ್ತಿದ್ದವು. ಜಗಳ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಳ್ಳದ ನೀರಿಗೆ ಬೇಸಗೆಯಲ್ಲಿ ಕೋಲು ಎತ್ತಿದ್ದನ್ನು ನೋಡಿದ್ದೇನೆ. ಆದರೆ ಕಾರಹುಣ್ಣಿಮೆಗೆ ಎಲ್ಲರ ಎತ್ತೂ ಕೂಡಿ ಕರಿ ಹರಿಯುತ್ತಿದ್ದವು. ಕೆಂದ ಎತ್ತು ಮುಂದೆ ಬಂದರೆ ಕೆಂಪು ಕಾಳಿನ ಬೆಳೆ, ಬಿಳಿ ಎತ್ತು ಬಂದರೆ ಬಿಳಿಜೋಳ ಚೆನ್ನ ಎಂಬ ನಂಬಿಕೆ. ಭಾರತ ಹುಣ್ಣಿಮೆಯ ಹೊತ್ತಿಗೆ ಬಂಡಿ ಕಟ್ಟಿ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗುತ್ತಿದ್ದೆವು. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆದುಕೊಳ್ಳುವ ಆ ಗುಡಿಯಿಂದ ತಂದ ಭಸ್ಮವನ್ನು ಮುತ್ಯಾ ಮೊದಲು ದನಕ್ಕೆ ಹಚ್ಚಿ, ಆಮೇಲೆ ಮೊಮ್ಮಕ್ಕಳ ಹಣೆಗೆ ಹಚ್ಚುತ್ತಿದ್ದ.

ಭಸ್ಮದ ಮಾತು ಬಂತು. ಈ ಲೇಖನಕ್ಕೆ ನಾನು ಕೈ ಹಾಕಿದ್ದೇ ಬೂದಿಯಿಂದ.

ನಮ್ಮ ಸುರಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಹೆಸರಲ್ಲೇ ಬೂದಿ ಇದೆ. ಅಲ್ಲಿ ಬೂದಿಯ ದಿಬ್ಬಗಳಿವೆ. ಬಳ್ಳಾರಿ, ರಾಯಚೂರು ಕಡೆಯೂ ಇಂಥ ಬೂದಿದಿಬ್ಬಗಳಿವೆ. ಜನ ಅವನ್ನು ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು, ಹಂಪಿಯ ಹತ್ತಿರದ ದಿಬ್ಬ ವಾಲಿಯ ಚಿತೆಯದು ಎಂದರು. ಇಂಗ್ಲಿಷರಲ್ಲಿ ಕೆಲವರು ಜ್ವಾಲಾಮುಖಿಯ ಬೂದಿ ಇರಬಹುದೆಂದರು. ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಇದು ದನದ ಸಗಣಿ ಸುಟ್ಟ ಬೂದಿ ಎಂದು ಕಂಡುಕೊಂಡಿದ್ದ. ಆಮೇಲೆ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ಇಂದು ತೆಲಂಗಾಣದಲ್ಲಿರುವ, ಮಕ್ತಲ್ ಕಡೆಯ ಉಟ್ನೂರಿನಲ್ಲಿ 1957ರಲ್ಲಿ ಅಗೆದರು. ಮರದ ಕಂಬಗಳನ್ನು ಸಾಲಾಗಿ ಹುಗಿದ ಬೇಲಿಯ ಗುಳಿಗಳು ಸಿಕ್ಕವು. ಅದರೊಳಗೆ ದನದ ಗೊರಸಿನ ಗುರುತುಗಳು ಹಾಗೇ ಮಣ್ಣಲ್ಲಿ ಮೂಡಿ ನಿಂತಿದ್ದವು. 1963ರಲ್ಲಿ ಅವರು ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಮ್ಮ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದರು. ಬೂದಿದಿಬ್ಬದ ಪಕ್ಕದಲ್ಲೇ ದನ ಕೂಡಿದ ಜಾಗ, ಅದಕ್ಕೆ ಹೊಂದಿ ಜನರ ವಾಸದ ನೆಲೆ, ಕಲ್ಲಿನ ಅಲಗು ಮಾಡಿದ ಜಾಗ, ದನ ಕಡಿದು ಹಂಚಿಕೊಂಡ ನೆಲ, ಎಲ್ಲವೂ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು.

ಎರಡು ವರ್ಷದ ಹಿಂದೆ ತಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಹುಣಸಗಿಯವರೆಗೆ ಬಸ್ಸು, ಮುಂದೆ ಟಂಟಂ. ದಿಬ್ಬದ ಒಂದು ಪಕ್ಕ ಕಡಿದು ಬಿದ್ದಿತ್ತು. ಕಡಿದ ಕಡೆ ಪದರ ಪದರವಾಗಿ ಕಾಣುತ್ತಿತ್ತು: ಬೂದುಬಣ್ಣ, ಅದರ ಮೇಲೆ ಕಂದು, ಮತ್ತೆ ಬಿಳಿ, ನಡುನಡುವೆ ಕುಲುಮೆಯ ಕಿಟ್ಟದ ಹಾಗೆ ಕರಗಿ ಗಟ್ಟಿಯಾದ ಗಾಜಿನಂಥ ಹೆಂಟೆಗಳು. ಬಿ.ಎ. ಓದಿದ ನಾನು ಪುಸ್ತಕದಲ್ಲಿದ್ದದ್ದನ್ನು ಹೇಳಲು ಬಾಯಿ ತೆರೆದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ತಮ್ಮ ಬಗ್ಗಿ, ಬೆರಳಲ್ಲಿ ಬೂದಿ ತಿಕ್ಕಿ ನೋಡಿ, ‘‘ಅಕ್ಕಾ, ಇದು ನಮ್ಮ ತಿಪ್ಪಿನೇ ಅದಲ್ಲ! ಮುತ್ಯಾ ದೊಡ್ಡಿ ಸುಡ್ತಿದ್ದನಲ್ಲ, ಹಂಗೇ ಅದ’’ ಅಂದ.

ಆಗ ನನಗೂ ನೆನಪಾಯಿತು. ಮೂರು ನಾಲ್ಕು ವರ್ಷಕ್ಕೊಮ್ಮೆ ದೊಡ್ಡಿಯ ನೆಲ ಮಳೆಗೆ ಕೊಳೆತು ಉಣ್ಣೆ ವಿಪರೀತ ಆದಾಗ ಮುತ್ಯಾ ಬೇಲಿ ಕಿತ್ತು ಪಕ್ಕಕ್ಕೆ ಸರಿಸುತ್ತಿದ್ದ. ಹಳೆಯ ನೆಲಕ್ಕೆ ಕುಳ್ಳಿನ ಚೂರು, ಕಣಿಕಿ, ಮುಳ್ಳು ಒಟ್ಟಿ ಬೆಂಕಿ ಇಡುತ್ತಿದ್ದ. ನಾಲ್ಕೈದು ದಿನ ಒಳಗೊಳಗೇ ಉರಿಯುತ್ತಿತ್ತು. ಆ ಬೂದಿಯ ಮೇಲೆ ದನವನ್ನು ಒಮ್ಮೆ ದಾಟಿಸಿ ಹೊಸ ದೊಡ್ಡಿಗೆ ಬಿಡುತ್ತಿದ್ದ. ಬೂದಿದಿಬ್ಬಗಳನ್ನು ಏಕೆ ಸುಟ್ಟರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೋಳಿ, ಸಂಕ್ರಾಂತಿಯ ಕಿಚ್ಚಿನಂಥ ಆಚರಣೆ ಎಂದು ಆಲ್ಚಿನ್ ಊಹಿಸಿದರು. ರೋಗ ತಡೆಯಲು ಎಂದವರೂ ಇದ್ದಾರೆ. ಗಾಜು ಕರಗುವಷ್ಟು ಬೆಂಕಿ ನಮ್ಮ ಮುತ್ಯಾನದಲ್ಲ, ಒಪ್ಪುತ್ತೇನೆ. ಆದರೆ ಪೂಜೆ ಬೇರೆ, ಉಣ್ಣೆ ಬೇರೆ ಎಂದು ಮುತ್ಯಾ ಎಂದೂ ವಿಂಗಡಿಸಿದವನಲ್ಲ. ಬೂದಿಹಾಳದ ಆ ಹಳೆಯ ಜನವೂ ವಿಂಗಡಿಸಿರಲಿಕ್ಕಿಲ್ಲ ಎಂದೇ ನನ್ನ ನಂಬಿಕೆ.

ನಾಲ್ಕು ಸಾವಿರ ವರ್ಷ ಬದುಕಿದ ಈ ಪದ್ಧತಿ ನಮ್ಮ ಮನೆಯಲ್ಲಿ ಹೇಗೆ ಮುಗಿಯಿತು? ಬರದಿಂದ ಮುಗಿಯಿತು ಎನ್ನುವವರಿದ್ದಾರೆ. 1972ರ ಬರ ನಾನು ಕಂಡವಳು. ಹನ್ನೊಂದು ವರ್ಷ ನನಗೆ. ಕಣಿಕಿಯ ಬಣವಿ ಖಾಲಿಯಾಯಿತು, ಬೇವಿನ ತಪ್ಪಲು ತಿನ್ನಿಸಿದೆವು, ಗುಡಿಸಲಿನ ಹಳೆಯ ಹುಲ್ಲನ್ನೂ ಇಳಿಸಿ ಹಾಕಿದೆವು. ಅಪ್ಪ, ಅವ್ವ ಸರ್ಕಾರದ ಬರಗಾಲ ಕಾಮಗಾರಿಯಲ್ಲಿ ಜಲ್ಲಿ ಒಡೆದರು. ನಲವತ್ತೆರಡು ದನಗಳಲ್ಲಿ ಉಳಿದವು ಹನ್ನೊಂದು. ಆದರೆ ಮುಂದಿನ ಎಂಟು ವರ್ಷದಲ್ಲಿ ಹನ್ನೊಂದು ಮತ್ತೆ ಮೂವತ್ತಾದವು. ಬರಕ್ಕೆ ದೊಡ್ಡಿ ಬಗ್ಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ.

ದೊಡ್ಡಿ ಬಗ್ಗಿ ಏಳಲಾರದ್ದು ಗಾಯರಾಣ ಹೋದಾಗ. 1982ರಲ್ಲಿ ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಹೊಲಗಳಿಗೆ ನೀರು ತಂದಿತು. ನೀರನ್ನು ನಾನು ದೂರುವುದಿಲ್ಲ. ಹೊಟ್ಟೆತುಂಬ ಅನ್ನ ಕಂಡದ್ದು ಆ ನೀರಿನಿಂದ, ಗುಳೆ ಹೋಗುವುದು ಕಡಿಮೆಯಾದದ್ದೂ ಹಲವು ಮನೆಗಳಲ್ಲಿ ಆ ನೀರಿನಿಂದ. ಆದರೆ ನೀರು ಬಂದ ಮೇಲೆ ಮೇಯುವ ನೆಲಕ್ಕೆ ಬೆಲೆ ಬಂತು. ಆಂಧ್ರದಿಂದ ಬಂದವರು ಕ್ಯಾಂಪ್ ಹಾಕಿ ಭತ್ತ ನೆಟ್ಟರು, ನಮ್ಮವರೂ ಕಲಿತರು. ಗಾಯರಾಣವನ್ನು ಒಬ್ಬೊಬ್ಬರು ಒಂದೊಂದು ಮೂಲೆಯಿಂದ ಉತ್ತರು, ಬಗರ್ ಹುಕುಂ ಅರ್ಜಿ ಹಾಕಿದರು. ನಮ್ಮ ಕಾಕಾ ಕೂಡ ಎರಡೂವರೆ ಎಕರೆ ಉತ್ತಿದ್ದಾನೆ, ಅದನ್ನು ಮುಚ್ಚಿಡಲಾರೆ. ಜೋಳ ಕಡಿಮೆಯಾಗಿ ಕಣಿಕಿ ಕಡಿಮೆಯಾಯಿತು. ಟ್ರ್ಯಾಕ್ಟರ್ ಬಂದು ಹೋರಿ ಕೇಳುವವರಿಲ್ಲವಾದರು. ಯೂರಿಯಾ ಚೀಲ ಬಂದು ಹೆಂಡಿ ಕೇಳುವವರಿಲ್ಲವಾದರು. ದೊಡ್ಡಿಯ ಎರಡೂ ಬೆಳೆಗೆ ಗಿರಾಕಿ ಹೋದ.

ಇದು ನಮ್ಮ ಮನೆಯೊಂದರ ಕತೆಯಲ್ಲ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 95 ಲಕ್ಷ ದನಗಳಿದ್ದವು. 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿದವು. ಅದೇ ಅವಧಿಯಲ್ಲಿ ಕುರಿ ಹೆಚ್ಚಾದವು. ಉಳಿದ ದನಗಳಲ್ಲೂ ಜವಾರಿ ದನ ದಿನದಿನಕ್ಕೆ ಕರಗುತ್ತಿವೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ತಮ್ಮನ ಒಂದು ಎತ್ತು ಮೈತುಂಬ ಗಂಟಾಗಿ ಮೇವು ಬಿಟ್ಟು ಹತ್ತನೆಯ ದಿನಕ್ಕೆ ಸತ್ತಿತು. ಮಡ್ಡಿಯಲ್ಲಿ ಗುಂಡಿ ತೋಡಿ ಉಪ್ಪು ಹಾಕಿ ಹುಗಿದೆವು. ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಗಾಯರಾಣ ಹೋದ ಮೇಲೂ ಮುತ್ಯಾ ಇರುವತನಕ ದನ ಹನ್ನೆರಡಕ್ಕಿಂತ ಕಡಿಮೆಯಾಗಲು ಬಿಡಲಿಲ್ಲ. ಸಾಯುವ ಹಿಂದಿನ ಬೇಸಗೆಯಲ್ಲಿ, ಕಣ್ಣು ಪೂರ್ತಿ ಮಂಜಾಗಿದ್ದರೂ ಸಂಜೆ ಬಾಗಿಲಲ್ಲಿ ನಿಂತು ಪ್ರತಿಯೊಂದರ ಬೆನ್ನು ಸವರಿ ಹೆಸರು ಹೇಳಿಯೇ ಒಳಗೆ ಬಿಡುತ್ತಿದ್ದ. ಈಗ ದೊಡ್ಡಿಯಲ್ಲಿ ಒಂದು ಜೋಡಿ ಎತ್ತು, ಒಂದು ಆಕಳು, ಅದರ ಕರ ಇವೆ. ಮನೆಗಳು ಹನ್ನೊಂದು. ಹೆಸರು ದೊಡ್ಡಿ ಎಂದೇ ಇದೆ. ಮಳೆಗಾಲದಲ್ಲಿ ಇಂದಿಗೂ ಗಟ್ಟಿ ದಾರಿ ಇಲ್ಲ. ಬಾಣಂತಿಯನ್ನು ಡಾಂಬರು ರಸ್ತೆಯವರೆಗೆ ಎತ್ತಿನ ಬಂಡಿಯಲ್ಲೇ ತರಬೇಕು, ಆ ಒಂದು ಜೋಡಿ ಎತ್ತನ್ನೇ ಹೂಡಿ.

ಯಾದಗಿರಿ, ಶಹಾಪುರ, ಸುರಪುರದ ಓದುಗರಲ್ಲಿ ನನ್ನದು ಎರಡು ಬೇಡಿಕೆ. ಬೂದಿಹಾಳದ ದಿಬ್ಬದ ಬೂದಿಯನ್ನು ಗೊಬ್ಬರವೆಂದು ಹೊಲಕ್ಕೆ ಹೇರಬೇಡಿ, ಹೇರುವವರನ್ನು ತಡೆಯಿರಿ. ನಮ್ಮ ಸೀಮೆಯ ಮೊದಲ ದೊಡ್ಡಿಗಳ ದಾಖಲೆ ಅದರಲ್ಲಿದೆ, ಇನ್ನೆಲ್ಲಿಯೂ ಇಲ್ಲ. ಮತ್ತೆ ನಿಮ್ಮ ಮನೆಯಲ್ಲಿ ದನ ಕಾಯ್ದ ಮುತ್ಯಾ, ಆಯಿ ಇನ್ನೂ ಇದ್ದರೆ ಈ ವಾರವೇ ಅವರ ಪಕ್ಕ ಕುಳಿತು, ದನಗಳ ಹೆಸರನ್ನೆಲ್ಲ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಕೇಳಲು ಹೊರಟಾಗ ಮುತ್ಯಾ ಇರಲಿಲ್ಲ. ನಲವತ್ತೆರಡರಲ್ಲಿ ಹತ್ತೊಂಬತ್ತು ಹೆಸರು ಮಾತ್ರ ನನಗೂ ತಮ್ಮನಿಗೂ ನೆನಪಿಗೆ ಬಂದವು.